ರಮಾಬಾಯಿಯವರ ಶ್ರದ್ಧೆಯೂ ಸಂಶಯವೂ

ಮೀಮಾಂಸಾಶಾಸ್ತ್ರದಲ್ಲಿ ಒಂದೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಮೊದಲಾದ ಅಂಗಗಳುಂಟು. ಸಂಶಯವೇ ಹುಟ್ಟದಿದ್ದಲ್ಲಿ ವಿಚಾರಕ್ಕೆ ಎಡೆಯೇ ಇಲ್ಲ. ಗೌತಮನ ನ್ಯಾಯಸೂತ್ರವೂ ಹದಿನಾರು ಪದಾರ್ಥಗಳನ್ನೆಣಿಸುವಾಗ ಪ್ರಮಾಣ ಪ್ರಮೇಯಗಳ ಬೆನ್ನಿಗೇ ಸಂಶಯವನ್ನು ಕುಳ್ಳಿರಿಸಿದೆ. ಆದರೆ ಅದೇ ಪಾಠಶಾಲೆಯ ಜಗಲಿಯಲ್ಲಿ ಸಾಯಂಕಾಲ ಗೀತಾಪಾರಾಯಣವಾಗುವಾಗ, ಸಂಶಯದಲ್ಲೇ ತೊಳಲುವವನಿಗೆ ಕೇಡು ತಪ್ಪದೆಂಬ ಎಚ್ಚರಿಕೆ ಕಿವಿಗೆ ಬೀಳುತ್ತದೆ. ಬೆಳಗ್ಗೆ ಬೇಕಾಗಿದ್ದ ಸಂಶಯವು ಸಂಜೆಗೆ ಬೇಡವಾಯಿತೇ ಎಂದು ಕೇಳುವ ಹುಡುಗನೊಬ್ಬನು ಪ್ರತಿ ತಲೆಮಾರಿನಲ್ಲಿಯೂ ಇರುತ್ತಾನೆ. ಅವನಿಗೆ ಬೈಗುಳಲ್ಲದ ಉತ್ತರ ದೊರೆಯುವುದು ಅಪೂರ್ವ. ಆ ಪ್ರಶ್ನೆಯನ್ನು ಶಾಸ್ತ್ರದಲ್ಲಿ ಓದದೆ ಬಾಳಿನಲ್ಲಿಯೇ ಹೊತ್ತು ನಡೆದವರಲ್ಲೊಬ್ಬರು ಪಂಡಿತೆ ರಮಾಬಾಯಿಯವರು.

ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ್ದು ಅಂದಿನವರಿಗೆ ಸಹನೆಯಾಗಲಿಲ್ಲ. ಅವರು ಉಡುಪಿಯ ಪಂಡಿತಸಭೆಯ ಮುಂದೆ ನಿಂತು, ಸ್ತ್ರೀಯರು ಪುರಾಣಾದಿಗಳನ್ನು ಓದುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಪ್ರಮಾಣಸಹಿತವಾಗಿ ವಾದಿಸಬೇಕಾಯಿತು. ಇಂಥ ಮನೆಯಲ್ಲಿ ತಾಯಿಯ ಬಾಯಿಂದಲೇ ಪಾಠ ಕೇಳಿದ ಹುಡುಗಿ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡಳು. ಸಂಸಾರವೆಲ್ಲ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. ವ್ರತ, ಜಪ, ದಾನಗಳಲ್ಲಿ ಇದ್ದ ಹಣವೆಲ್ಲ ಕರಗಿತು. ಅಷ್ಟರಲ್ಲಿ ಬರಗಾಲ ಬಂತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಹೋದರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಜನ ಸಾಲದೆ ಮಗಳೇ ಒಂದು ಕಡೆ ನಿಂತಳು. ಗಿಡ್ಡ ಮೈಕಟ್ಟಾದ್ದರಿಂದ ಹೆಗಲ ಮೇಲಲ್ಲ, ತಲೆಯ ಮೇಲೆ ಹೊತ್ತಳು.

ಉಳಿದ ಅಣ್ಣತಂಗಿಯರು ಕಾಲ್ನಡೆಯಲ್ಲಿ ಉತ್ತರದೇಶಕ್ಕೆ ಹೋದರು. ಚಳಿಗೆ ಹೊದೆಯಲು ಬಟ್ಟೆಯಿಲ್ಲದೆ ಹೊಳೆಯ ದಡದಲ್ಲಿ ಗುಂಡಿ ತೋಡಿ ಮರಳನ್ನೇ ಮೈಮೇಲೆ ಎಳೆದುಕೊಂಡು ಮಲಗಿದ ರಾತ್ರಿಗಳುಂಟು. ಅಲ್ಲಿಯ ಒಂದು ಸರೋವರದಲ್ಲಿ ಏಳು ತೇಲುಬೆಟ್ಟಗಳಿವೆಯೆಂದೂ, ಪುಣ್ಯವಂತರ ಬಳಿಗೆ ಅವು ತಾವಾಗಿ ತೇಲಿಬರುವುವೆಂದೂ ಪ್ರತೀತಿ. ನೀರಿಗಿಳಿಯಬಾರದೆಂದು ಅರ್ಚಕರು ತಡೆದಿದ್ದರೂ ಅಣ್ಣನು ನಸುಕಿನಲ್ಲಿಯೇ ಈಜಿ ಹೋಗಿ ನೋಡಿದನು. ತೆಪ್ಪದ ಮೇಲೆ ಮಣ್ಣು ಮೆತ್ತಿ ಗಿಡ ನೆಟ್ಟಿದ್ದರು. ಹಿಂದೆ ದೋಣಿಯಲ್ಲಿ ಕುಳಿತು ನೂಕುವವರಿದ್ದರು. ರಮಾಬಾಯಿಯವರೇ 1907ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥನದಲ್ಲಿ ಇದನ್ನು ಬರೆದಿದ್ದಾರೆ. ಓದಿದವರಿಗೆ ನಗು ಬರುತ್ತದೆ. ಆದರೆ ಹಸಿದ ಹೊಟ್ಟೆಯಲ್ಲಿ ಅಷ್ಟು ದೂರ ನಡೆದುಬಂದು ಅದನ್ನು ಕಂಡವನಿಗೆ ನಗು ಬಂದಿರಲಾರದು. ಕ್ರೈಸ್ತರಾದ ಮೇಲೆ ಅವರಿಗೆ ಸಂಶಯ ಹುಟ್ಟಿತೆಂದು ಹೇಳುವವರು ಈ ತೆಪ್ಪವನ್ನು ನೆನೆಯಬೇಕು. ಸಂಶಯವು ಅವರಿಗೆ ಶ್ರದ್ಧೆಗಿಂತ ಹಿರಿಯ ಸಂಗಾತಿ.

1878ರಲ್ಲಿ ಕಲ್ಕತ್ತೆಯ ಪಂಡಿತರು ಅವರನ್ನು ಪರೀಕ್ಷಿಸಿ ಸರಸ್ವತಿಯೆಂಬ ಬಿರುದನ್ನಿತ್ತರು. ಅಲ್ಲಿಯೇ ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ಅವರಿಗೊಂದು ಸಂಗತಿ ಹೊಳೆಯಿತು: ಬೇರೆ ಬೇರೆ ವಿಷಯಗಳಲ್ಲಿ ಪರಸ್ಪರ ಒಪ್ಪದ ಗ್ರಂಥಗಳೆಲ್ಲ ಸ್ತ್ರೀಯು ಕೀಳೆಂಬಲ್ಲಿ ಮಾತ್ರ ಒಂದಾಗಿದ್ದವು. ಮುಂದೆ ಅಣ್ಣ ತೀರಿದನು. ಬಂಗಾಳದ ವಕೀಲರೊಬ್ಬರೊಡನೆ ವಿವಾಹವಾಯಿತು. ಎರಡು ವರ್ಷ ತುಂಬುವುದರೊಳಗೆ, 1882ರಲ್ಲಿ, ವಾಂತಿಭೇದಿಯ ಬೇನೆಯಿಂದ ಅವರೂ ಹೋದರು. ಕೈಯಲ್ಲಿ ಮನೋರಮೆಯೆಂಬ ಹಸುಗೂಸು.

ವೈದ್ಯ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಮಠವು ಆಶ್ರಯ ನೀಡಿತು. ಆ ಸಹೋದರಿಯರು ಲಂಡನ್ನಿನ ಫುಲ್ಹಾಮಿನಲ್ಲಿ ದಾರಿತಪ್ಪಿದ ಹೆಂಗಸರಿಗಾಗಿ ನಡೆಸುತ್ತಿದ್ದ ಮನೆಯನ್ನು ನೋಡಿ ಅವರ ಮನಸ್ಸು ಅಲುಗಿತು. ಇಂಥವರನ್ನು ಮುಟ್ಟಿ ಎಬ್ಬಿಸುವವರಿದ್ದಾರೆಯೇ ಎಂದು ಬೆರಗಾದ ಅವರಿಗೆ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯನ್ನು ಓದಿಹೇಳಿದರು. ಆ ವರ್ಷದ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಕಣ್ಣಾರೆ ಕಂಡದ್ದರಿಂದ ಬಂದ ಶ್ರದ್ಧೆಯಿದು. ಕಂಡದ್ದನ್ನು ನಂಬಿದವರು, ಹೇಳಿದ್ದನ್ನೆಲ್ಲ ನಂಬಬೇಕೆಂದಾಗ ತಡೆದು ನಿಂತರು. ತ್ರಿಯೇಕತ್ವವು ತಮ್ಮ ಬುದ್ಧಿಗೆ ಒಗ್ಗದೆಂದರು. ಅಥನೇಷಿಯನ ಹೆಸರಿನ ವಿಶ್ವಾಸಪ್ರಮಾಣವನ್ನು ಪೂರ್ತಿಯಾಗಿ ಒಪ್ಪದವನು ನಿತ್ಯನಾಶಕ್ಕೆ ಗುರಿಯೆಂಬುದು ಮನುಷ್ಯರು ಬರೆದ ಮಾತು, ಕ್ರಿಸ್ತನದಲ್ಲ ಎಂದರು. ಕನ್ಯಾಜನನದ ಮೇಲೂ ಪ್ರಶ್ನೆಗಳೆದ್ದವು. ಲ್ಯಾಟಿನ್ ಬರಹವಿರುವ ಶಿಲುಬೆಯನ್ನು ಧರಿಸಬೇಕೆಂದಾಗ, ಲ್ಯಾಟಿನ್ ಭಾಷೆಯು ಸಂಸ್ಕೃತಕ್ಕಿಂತ ಪವಿತ್ರವೆಂದು ತಮಗೆ ತೋರದೆಂದು ತಿಳಿಸಿದರು. ಇದನ್ನೋದಿದ ಸಂಸ್ಕೃತ ಪಂಡಿತನಾವನಾದರೂ ಮನಸ್ಸಿನಲ್ಲಿಯೇ ತಲೆದೂಗದಿರನು, ಅವನು ಎಂಥ ಆಚಾರವಂತನೇ ಆಗಿರಲಿ! ಸಸ್ಯಾಹಾರವನ್ನಂತೂ ಅವರು ಬಿಡಲಿಲ್ಲ. ಚೆಲ್ಟೆನ್ಹಾಮಿನ ಹೆಣ್ಣುಮಕ್ಕಳ ವಿದ್ಯಾಶಾಲೆಯಲ್ಲಿದ್ದಾಗ ಗಂಡುಮಕ್ಕಳಿಗೂ ಪಾಠ ಹೇಳುವ ಮಾತು ಬಂತು. ಹೆಂಗಸು ಹಾಗೆ ಮಾಡಬಾರದೆಂದು ಬಿಷಪ್ಪರು ತಡೆದರು. ಉಡುಪಿಯ ಸಭೆಯ ಮುಂದೆ ತಂದೆ ನಿಂತದ್ದು ಆಗ ಮಗಳಿಗೆ ನೆನಪಾಗದೆ ಇದ್ದೀತೇ?

ಈ ವಾದವೆಲ್ಲ ಹೆಚ್ಚಾಗಿ ನಡೆದದ್ದು ಸಿಸ್ಟರ್ ಜೆರಾಲ್ಡೀನರೊಡನೆ. ಅನ್ನವಿಟ್ಟವರು, ಮಗುವನ್ನು ಸಾಕಿದವರು, ಧರ್ಮದಲ್ಲಿ ತಾಯಿಯ ಸ್ಥಾನದಲ್ಲಿದ್ದವರು ಅವರೇ. ರಮಾಬಾಯಿಯವರು ಪತ್ರಗಳಲ್ಲಿ ಅವರನ್ನು ಆಜೀಬಾಯಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಆ ಸಂಬೋಧನೆಯ ಕೆಳಗೇ, ತಮ್ಮ ಅಂತಃಕರಣವನ್ನು ಯಾರಿಗೂ ಒತ್ತೆಯಿಡಲಾರೆನೆಂಬ ಅರ್ಥದ ಕಠಿಣವಾದ ಪುಟಗಳಿರುತ್ತಿದ್ದವು. ಜೆರಾಲ್ಡೀನರಿಗೆ ಇದರಲ್ಲಿ ಅಹಂಕಾರ ಕಾಣಿಸಿತು. ವಿದ್ಯಾಶಾಲೆಯ ಮುಖ್ಯಸ್ಥೆ ಡೊರೋತಿಯ ಬೀಲರು ಮಾತ್ರ, ಪ್ರಶ್ನೆಯನ್ನು ಅದುಮುವುದಕ್ಕಿಂತ ಉತ್ತರಿಸುವುದೇ ಲೇಸೆಂದು ಬಗೆದರು. ಜೆರಾಲ್ಡೀನರನ್ನು ಸಂಕುಚಿತ ಮನಸ್ಸಿನವರೆಂದು ಸುಮ್ಮನೆ ತಳ್ಳಿಹಾಕುವಂತಿಲ್ಲ. ತಾನು ಎತ್ತಿಕೊಂಡು ಬಂದ ಜೀವ ಕೈತಪ್ಪಿ ಹೋದೀತೆಂಬ ಹೆದರಿಕೆ ಅವರದು. ತಮಗೆ ನೋವಿತ್ತ ಆ ಪತ್ರಗಳನ್ನು ಅವರು ಹರಿದೆಸೆಯಲಿಲ್ಲ, ಒಪ್ಪವಾಗಿ ಸಂಗ್ರಹಿಸಿಟ್ಟರು. ಅವು 1977ರಲ್ಲಿ ಗ್ರಂಥವಾಗಿ ಹೊರಬಂದವು.

ಈ ಸಂಕಟ ರಮಾಬಾಯಿಯವರೊಬ್ಬರದೇ ಅಲ್ಲ. ಕಾಶಿಯ ಪಂಡಿತ ನೀಲಕಂಠಶಾಸ್ತ್ರಿ ಗೋರೆಯವರು ಪಾದ್ರಿಗಳ ಮತವನ್ನು ಖಂಡಿಸಲು ಹೊರಟು, ಸಂಸ್ಕೃತದಲ್ಲಿ ಗ್ರಂಥವನ್ನೇ ಬರೆದು, ಕೊನೆಗೆ 1848ರಲ್ಲಿ ತಾವೇ ಕ್ರೈಸ್ತರಾಗಿ ನೆಹೆಮಿಯನೆಂಬ ಹೆಸರು ತಳೆದರು. ಷಡ್ದರ್ಶನಗಳನ್ನು ವಿಮರ್ಶಿಸಿದ ಆ ತರ್ಕಬುದ್ಧಿ ಹೊಸ ಮನೆಗೆ ಬಂದೊಡನೆ ನಿದ್ರೆಹೋಗಲಿಲ್ಲ. 1895ರಲ್ಲಿ ತೀರಿಕೊಳ್ಳುವ ತನಕ ಸಂಶಯಗಳು ಮರಳಿ ಮರಳಿ ಬಂದು ಅವರನ್ನು ಕಾಡಿದವು. ವಿಚಿತ್ರವೆಂದರೆ, ರಮಾಬಾಯಿಯವರು ದೀಕ್ಷೆ ಪಡೆಯುವುದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಗೋರೆಯವರ ಬರಹವೇ. ತನ್ನ ದೀಪ ಗಾಳಿಗೆ ತುಯ್ಯುತ್ತಿದ್ದರೂ ಅದರಿಂದ ಇನ್ನೊಂದನ್ನು ಹೊತ್ತಿಸಿದಂತಾಯಿತು. ಮಾರ್ಕನ ಸುವಾರ್ತೆಯಲ್ಲಿಯೂ ರೋಗಿಯಾದ ಮಗನನ್ನು ಕರೆತಂದ ತಂದೆಯೊಬ್ಬನು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ. ಮೊದಲು ಸಂಶಯವನ್ನು ನೀಗಿಕೊಂಡು ಬಾ ಎಂದು ಅಲ್ಲಿ ಯಾರೂ ಅವನನ್ನು ಹಿಂದಕ್ಕಟ್ಟಲಿಲ್ಲ, ಮಗು ಗುಣವಾಗುತ್ತದೆ.

1889ರಲ್ಲಿ ರಮಾಬಾಯಿಯವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಸರಸ್ವತಿಯ ಹೆಸರು, ನಡೆಸುವವರು ಕ್ರೈಸ್ತೆ. ಅವರು ಬಾಗಿಲು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು; ಕೆಲವು ಹುಡುಗಿಯರು ಬಂದು ಕುಳಿತರು. 1893ರಲ್ಲಿ ಸಲಹಾಮಂಡಲಿಯ ಹಿಂದೂ ಸುಧಾರಕರು ಕೈಬಿಟ್ಟರು. ಸಭೆಯವರಿಗೆ ಅವರು ಸಾಲದಷ್ಟು ಕ್ರೈಸ್ತೆ, ಸ್ವದೇಶದವರಿಗೆ ಮಿತಿಮೀರಿದ ಕ್ರೈಸ್ತೆ.

ಆ ನಡುವೆ 1891ರಲ್ಲಿ, ತಾನು ಕ್ರೈಸ್ತಮತವನ್ನು ಪಡೆದಿದ್ದೆನೇ ಹೊರತು ಕ್ರಿಸ್ತನನ್ನು ಪಡೆದಿರಲಿಲ್ಲವೆಂಬ ಅರಿವು ಉಂಟಾಗಿ ತಮಗೆ ಶಾಂತಿ ದೊರೆಯಿತೆಂದು ಅವರು ಬರೆದಿದ್ದಾರೆ. ದೀಕ್ಷೆಯಾಗಿ ಎಂಟು ವರ್ಷಗಳ ಮೇಲೆ! ಅಲ್ಲಿಂದ ಮುಂದೆ ಅವರ ಬರಹದಲ್ಲಿ ಹಳೆಯ ಜಗಳದ ಧ್ವನಿ ಕೇಳಿಸುವುದಿಲ್ಲ. ಸಂಶಯವು ಅಳಿಯಿತೆಂದು ಭಕ್ತರು ಹೇಳುವರು. ಅದು ಅಳಿಯಲಿಲ್ಲ, ತನ್ನ ಜಾಗವನ್ನು ತಿಳಿದು ಕೆಲಸಕ್ಕೆ ನಿಂತಿತೆಂದು ತೋರುತ್ತದೆ. ಏಕೆಂದರೆ ಕೇಡಗಾಂವದ ಮುಕ್ತಿಸದನವನ್ನು ಅವರು ಕೊನೆಯವರೆಗೂ ಯಾವೊಂದು ಪಂಗಡದ ಕೈಗೂ ಒಪ್ಪಿಸಲಿಲ್ಲ; ಬರಗಾಲದಲ್ಲಿ ಬಂದ ನೂರಾರು ಹೆಣ್ಣುಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ, ಕಸುಬು ದೊರೆತವು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದದ್ದು ಬೈಬಲ್ಲಿನ ಮರಾಠಿ ಭಾಷಾಂತರವನ್ನು. ಇದ್ದ ಭಾಷಾಂತರ ಸಾಧಾರಣ ಹೆಂಗಸರಿಗೆ ತಿಳಿಯದೆಂದು ಕಂಡು, ಮೂಲವನ್ನೇ ನೋಡಬೇಕೆಂದು ಹೀಬ್ರೂ ಗ್ರೀಕುಗಳನ್ನು ಕಲಿತರು. ಇತರರು ಹೇಳಿದ ಅರ್ಥವನ್ನು ಹಾಗೆಯೇ ಒಪ್ಪದ ಅದೇ ಹಳೆಯ ಹಟ! ಸಂಸ್ಕೃತದಲ್ಲಿ ಬಿರುದು ಪಡೆದವರು ಸಂಸ್ಕೃತದ ಪ್ರೌಢಪದಗಳನ್ನು ಒಂದೊಂದಾಗಿ ತೆಗೆದುಹಾಕಿ, ಮನೆಮಾತಿನ ಪದಗಳಿಗಾಗಿ ಹುಡುಕಿದರು. 1921ರಲ್ಲಿ ಮಗಳು ಮನೋರಮೆ ತೀರಿಹೋದರು. ತಾಯಿ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಕಣ್ಣು ಮುಚ್ಚಿದರು. ಇಡೀ ಗ್ರಂಥ ಹೊರಬಂದದ್ದು 1924ರಲ್ಲಿ. ಮುಕ್ತಿಸದನದ ಸ್ವಂತ ಮುದ್ರಣಾಲಯದಲ್ಲಿ ಅದರ ಅಚ್ಚಿನ ಮೊಳೆಗಳನ್ನು ಜೋಡಿಸಿದವರು, ಒಂದು ಕಾಲಕ್ಕೆ ಓದುಬರಹವೇ ತಿಳಿಯದೆ ಆ ಬಾಗಿಲಿಗೆ ಬಂದಿದ್ದ ಹೆಂಗಸರು.