ಎಸ್ತ್ರೇಚೊ

ಸ್ಪೇನಿನ ತೊಲೇದೊ ಊರಿನ ಹಳೆಯ ಓಣಿಗಳು ಬಹಳ ಇಕ್ಕಟ್ಟು. ಕಾರೊಂದು ಬಂದರೆ ದಾರಿಹೋಕರು ಯಾರದೋ ಬಾಗಿಲಿಗೆ ಒತ್ತಿ ನಿಲ್ಲಬೇಕು. ಅಂಥ ಓಣಿಯಲ್ಲಿ ನಾನು ಕೆಲವು ತಿಂಗಳು ಬಾಡಿಗೆಗಿದ್ದೆ. ಒಂದು ಸಂಜೆ ಮನೆಯೊಡತಿ ಕಾಗದವೊಂದನ್ನು ತಂದು, "ಇಂಗ್ಲಿಷಿನಲ್ಲಿ ಬರೆದುಕೊಡು, ಮಗು" ಎಂದರು. ಹರೆಯದಲ್ಲಿ ಅವರೊಡನೆ ಒಂದೇ ಕೋಣೆಯಲ್ಲಿದ್ದ ಇಂಗ್ಲಿಷ್ ಗೆಳತಿಗೆ ಬರೆದದ್ದು. ಯಾವುದೋ ಮುನಿಸಿನಿಂದ ಇಪ್ಪತ್ತು ವರ್ಷ ಕಾಗದವೇ ನಿಂತಿತ್ತಂತೆ. ಈಗ ಆಕೆಗೆ ಕಣ್ಣು ಕಾಣದು. ಓದಿ ಹೇಳಬೇಕಾದ ಮಗಳಿಗೆ ಸ್ಪ್ಯಾನಿಷ್ ಬಾರದು.

ಕೋಣೆ 'ಎಸ್ತ್ರೇಚೊ', ಅಲ್ಲಿ ಬೆಳೆದ ಸ್ನೇಹವೂ 'ಎಸ್ತ್ರೇಚ'. ನಾನು ಕೋಣೆಗೆ 'ನ್ಯಾರೋ' ಎಂದೂ ಸ್ನೇಹಕ್ಕೆ 'ಕ್ಲೋಸ್' ಎಂದೂ ಬರೆದು, ಜಾಣನಂತೆ ಓದಿದೆ. 'ನ್ಯಾರೋ' ಸ್ನೇಹವೆಂದರೆ ಇಂಗ್ಲಿಷಿನವರು ನಕ್ಕಾರು!

ಮುದುಕಿಗೆ ಇಂಗ್ಲಿಷ್ ಬಾರದಿದ್ದರೂ ಕಿವಿ ಚುರುಕು. "ನಾನು ಎರಡು ಸಲ ಹೇಳಿದ ಮಾತು ಒಂದೇ. ನಿನ್ನದರಲ್ಲಿ ಎರಡು ಕೇಳಿತಲ್ಲ? ಜಾಗವಿಲ್ಲದ್ದರಿಂದಲೇ ನಾವು ಹತ್ತಿರವಾದದ್ದು."

ಲ್ಯಾಟಿನ್ನಿನ 'ಸ್ಟ್ರಿಕ್ಟಸ್' ಈ ಪದದ ತಾಯಿ. ಅದರಿಂದಲೇ ಬಂದ 'ಸ್ಟ್ರೇಟ್' ಇಂಗ್ಲಿಷಿನಲ್ಲೂ ಉಂಟು, ಆದರೆ ಈಗ ಹೆಚ್ಚಾಗಿ ಭೂಪಟದಲ್ಲಿ, ಜಿಬ್ರಾಲ್ಟರಿನಂಥ ಜಲಸಂಧಿಗಳ ಹೆಸರಿನಲ್ಲಿ. ಗೆಳತಿಗೆ ಅದು ಸಲ್ಲದು.

ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು: ಇಕ್ಕಟ್ಟಾದ ಬಿಡಾರಕ್ಕೆ ಇಂಗ್ಲಿಷಿನಲ್ಲಿ 'ಕ್ಲೋಸ್ ಕ್ವಾರ್ಟರ್ಸ್' ಎನ್ನುತ್ತಾರಲ್ಲ! ಬೆಳಗ್ಗೆ ತಿದ್ದಿ ಓದಿದೆ. 'ಕ್ಲೋಸ್' ಎರಡು ಸಲ ಬಂದಾಗ ಮುದುಕಿ ಎರಡು ಬೆರಳು ಮಡಿಸಿದರು. ಕಾಗದ ಕಸಿದುಕೊಂಡು, ಕನ್ನಡಕವಿಲ್ಲದೆಯೇ ಅಡಿಯಲ್ಲಿ ಸೊಟ್ಟಗೆ ಸಹಿ ಹಾಕಿದರು.