ಹಾಡು ಮುಗಿಯುವುದರೊಳಗೆ

ಧಾರಾವಾಹಿಯ ಶೀರ್ಷಿಕೆ ಗೀತೆ ಎಂಬುದು ಒಂದು ಕಾಲಕ್ಕೆ ಮನೆಮಂದಿಯ ಕರೆಗಂಟೆಯಾಗಿತ್ತು. ನಡುಮನೆಯಲ್ಲಿ ಅದು ಶುರುವಾಯಿತೆಂದರೆ ಅಡುಗೆಮನೆಯಲ್ಲಿದ್ದ ಅಮ್ಮ ಒಲೆಯ ಉರಿ ಸಣ್ಣಗೆ ಮಾಡುತ್ತಿದ್ದಳು. ಹಿತ್ತಲಿನಲ್ಲಿದ್ದವರು ಕಾಲು ತೊಳೆದುಕೊಂಡು ಓಡಿ ಬರುತ್ತಿದ್ದರು. ಲೆಕ್ಕ ಬಿಡಿಸುತ್ತಿದ್ದ ಹುಡುಗ ‘ಎಲ್ಲಾ ಆಯ್ತು’ ಎಂದು ಸುಳ್ಳು ಹೇಳಿ ಪುಸ್ತಕ ಮುಚ್ಚುತ್ತಿದ್ದ. ಟೀವಿ ಇಲ್ಲದ ಪಕ್ಕದ ಮನೆಯವರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕೂರುವುದಕ್ಕೂ ಆ ಒಂದು ನಿಮಿಷ ಸಾಕಾಗುತ್ತಿತ್ತು. ಹಾಡು ಮುಗಿಯುವುದರೊಳಗೆ ಬಂದವರಿಗೆ ಪೂರ್ತಿ ಕತೆ. ತಡವಾಗಿ ಬಂದವರಿಗೆ ಅರ್ಧ ಕತೆ, ಜತೆಗೆ ಬೈಗುಳ.

ಈಗ ಆ ಹಾಡಿನ ಮೇಲೆ ಒಂದು ಗುಂಡಿ ಬಂದು ಕೂತಿದೆ. ನೆಟ್‌ಫ್ಲಿಕ್ಸ್ ಕಂಪನಿ 2017ರಲ್ಲಿ ‘ಸ್ಕಿಪ್ ಇಂಟ್ರೋ’ ಎಂಬುದನ್ನು ತಂದಿತು. ಒತ್ತಿದರೆ ಹಾಡು ಮಾಯ, ಸೀದಾ ಕತೆ. ಇದನ್ನು ಕಂಡು ಹಿರಿಯರು ಹಣೆ ಚಚ್ಚಿಕೊಳ್ಳಬೇಕಾದ್ದೇನಿಲ್ಲ. ವಾರಕ್ಕೊಮ್ಮೆ ಕೇಳಿದರೆ ಹಬ್ಬದಂತಿರುವ ಹಾಡು, ಒಂದೇ ರಾತ್ರಿ ಆರು ಕಂತು ನೋಡುವವರಿಗೆ ಆರು ಸಲ ಬಂದರೆ ಬಾಗಿಲು ಬಿಟ್ಟು ಕದಲದ ಸಾಲಗಾರನಂತೆ ಕಾಣುವುದು ಸಹಜ. ಅದಲ್ಲದೆ, ಕರೆಗಂಟೆ ಬಾರಿಸಿ ಕರೆಯುವುದಾದರೂ ಯಾರನ್ನು? ನೋಡುವವರು ಒಬ್ಬರೇ. ಅವರು ಆಗಲೇ ಮಂಚದ ಮೇಲೆ ಮೊಬೈಲು ಹಿಡಿದು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತಾಗಿದೆ.

ಹೀಗಿದ್ದರೂ ಕತೆ ಮರೆತುಹೋದ ಎಷ್ಟೋ ವರ್ಷದ ಮೇಲೆ ನೆನಪಿನಲ್ಲಿ ಉಳಿಯುವುದು ಆ ಹಾಡೇ. ‘ಮಾಲ್ಗುಡಿ ಡೇಸ್’ ಅನ್ನೇ ತೆಗೆದುಕೊಳ್ಳಿ. 1986ರ ಸುಮಾರಿಗೆ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ಅದನ್ನು ಚಿತ್ರಿಸಿದರು. ಕತೆ ಆರ್.ಕೆ. ನಾರಾಯಣ್ ಅವರದು, ಶೀರ್ಷಿಕೆಯ ರೇಖಾಚಿತ್ರಗಳು ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ದೂರದರ್ಶನದಲ್ಲಿ ಬಂದದ್ದು ಹಿಂದಿಯಲ್ಲಿ. ನಮ್ಮ ಎಷ್ಟೋ ಮನೆಗಳ ಹಿಂದಿ, ಶಾಲೆಯ ಪಠ್ಯಪುಸ್ತಕ ದಾಟಿ ಆಚೆ ಹೋದದ್ದಲ್ಲ. ಆದರೆ ಎಲ್. ವೈದ್ಯನಾಥನ್ ಕಟ್ಟಿದ ಆ ರಾಗಕ್ಕೆ ಯಾವ ಭಾಷೆಯ ಹಂಗೂ ಇರಲಿಲ್ಲ. ಅದರಲ್ಲಿ ಪದಗಳೇ ಇಲ್ಲ, ಬರೀ ಗುನುಗು. ಹಾಗಾಗಿ ಹಿಂದಿ ಬಾರದ ಅಜ್ಜಿಯೂ ಅದನ್ನು ಹೂ ಕಟ್ಟುತ್ತಾ ಹಾಡಿಕೊಳ್ಳಬಹುದಿತ್ತು. ಒಂದೂ ಮಾತಿಲ್ಲದ ‘ಪುಷ್ಪಕ ವಿಮಾನ’ಕ್ಕೆ 1987ರಲ್ಲಿ ಸಂಗೀತ ಕೊಟ್ಟವರೂ ಇದೇ ವೈದ್ಯನಾಥನ್. ಮಾತಿಲ್ಲದೆ ಕತೆ ಹೇಳುವುದು ಅವರ ಕೈಗೆ ಒಗ್ಗಿದ ಕೆಲಸ. ಶಂಕರ್‌ನಾಗ್ 1990ರಲ್ಲಿ, ಇನ್ನೂ ಮೂವತ್ತೈದರ ಹರೆಯದಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದೊಡನೆ ಇವತ್ತಿಗೂ ಅನೇಕರ ಬಾಯಲ್ಲಿ ಮೊದಲು ಬರುವುದು ಆ ಗುನುಗು.

ಕನ್ನಡದ ಧಾರಾವಾಹಿಗಳಲ್ಲಿ ಇನ್ನೊಂದು ವಿಶೇಷ ನಡೆಯಿತು. ಟಿ.ಎನ್. ಸೀತಾರಾಂ ಮತ್ತು ಗೆಳೆಯರ ‘ಮಾಯಾಮೃಗ’ 1998ರಲ್ಲಿ ಬಂದಾಗ ಅದರ ಶೀರ್ಷಿಕೆ ಗೀತೆ ಬರೆದವರು ಕವಿ ಎಚ್.ಎಸ್. ವೆಂಕಟೇಶಮೂರ್ತಿ, ರಾಗ ಹಾಕಿದವರು ಸಿ. ಅಶ್ವತ್ಥ್. ಕವನ ಸಂಕಲನವನ್ನು ಕೊಂಡು ಓದದ ಮನೆಗಳಿಗೂ ಕವಿತೆ ಕಿಟಕಿಯಿಂದಲೇ ನುಗ್ಗಿತು. ಯಾವ ವಿಶ್ವವಿದ್ಯಾಲಯವೂ ಮಾಡದ ಸಾಹಿತ್ಯ ಪ್ರಚಾರ ಅದು.

ಮಲೆನಾಡ ಸೆರಗಿನ ಒಂದು ಮನೆಯ ವಿಚಾರ ಕೇಳಿ. ಪಿಯುಸಿ ಓದುತ್ತಿದ್ದ ಮಗಳು ಒಂದು ಸಂಜೆ ಕೀಬೋರ್ಡಿನಲ್ಲಿ ಮಾಲ್ಗುಡಿಯ ರಾಗ ನುಡಿಸುತ್ತಿದ್ದಳು. ಅಪ್ಪ ಪತ್ರಿಕೆ ಬಿಟ್ಟು ಎದ್ದು ಬಂದರು. ‘ಇದು ನಿನಗೆ ಹೇಗೆ ಗೊತ್ತು?’ ‘ಮಳೆಯ ರೀಲ್ಸ್‌ಗೆಲ್ಲ ಇದನ್ನೇ ಹಾಕ್ತಾರಲ್ಲ ಅಪ್ಪ.’ ಸ್ವಾಮಿ ಯಾರು ಎಂದರೆ ಗೊತ್ತಿಲ್ಲ! ಅಪ್ಪನಿಗೆ ಮನೆ ದೇವರನ್ನು ಮರೆತಷ್ಟು ಸಂಕಟವಾಯಿತು. ಅಂದು ರಾತ್ರಿಯೇ ಮೊದಲ ಕಂತು ಹುಡುಕಿ ಹಾಕಿದರು. ಹಾಕಿದ್ದೇನೋ ಸರಿ, ನಡುನಡುವೆ ನಿಲ್ಲಿಸಿ ವ್ಯಾಖ್ಯಾನ ಆರಂಭಿಸಿದರು. ಇವನು ಮಾಸ್ಟರ್ ಮಂಜುನಾಥ್, ಇವರು ಗಿರೀಶ್ ಕಾರ್ನಾಡ್, ಈ ಬೀದಿಯಲ್ಲಿ ನಾವು ಒಮ್ಮೆ ಬಸ್ಸಿಗೆ ಕಾದಿದ್ದೆವು. ಮಗಳು ಕೈಮುಗಿದಳು: ‘ಅಪ್ಪಾ, ಇದಕ್ಕೆ ಪರೀಕ್ಷೆ ಇದೆಯಾ?’

ಅವಳು ಕೇಳಿದ್ದು ನ್ಯಾಯವಾಗಿಯೇ ಇದೆ. ತಂದೆತಾಯಿಗಳು ತಮ್ಮ ಬಾಲ್ಯವನ್ನು ಮಕ್ಕಳಿಗೆ ಪಠ್ಯಕ್ರಮದಂತೆ ಬೋಧಿಸಲು ಹೊರಟರೆ ಮಕ್ಕಳು ಪಠ್ಯವನ್ನು ಏನು ಮಾಡುತ್ತಾರೋ ಅದನ್ನೇ ಅದಕ್ಕೂ ಮಾಡುತ್ತಾರೆ. ಆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಅಪ್ಪನದೊಂದು ಕಂತು, ಮಗಳದೊಂದು. ಅವಳ ಕೊರಿಯಾ ಸೀರಿಯಲ್ಲಿನಲ್ಲಿ ಯಾರು ಯಾರ ಅಣ್ಣ ಎಂದು ಅಪ್ಪ ಹತ್ತು ಸಲ ಕೇಳಿದರೂ ಅವಳು ಹೇಳಿದಳು, ಹನ್ನೊಂದನೆಯ ಸಲ ಹೇಳಲಿಲ್ಲ. ಅಮ್ಮ ಮಾತ್ರ ಎರಡನ್ನೂ ಬಟ್ಟೆ ಮಡಚುತ್ತಲೇ ನೋಡಿ ಇಬ್ಬರಿಗಿಂತ ಚೆನ್ನಾಗಿ ಕತೆ ಹೇಳುವವಳಾದಳು. ಅಷ್ಟರಲ್ಲಿ ಫಲಿತಾಂಶ ಬಂತು, ಸೀಟು ಸಿಕ್ಕಿತು, ಮಗಳು ಟ್ರಂಕು ಕಟ್ಟಿಕೊಂಡು ಬೇರೆ ಊರಿನ ಹಾಸ್ಟೆಲ್ಲಿಗೆ ಹೊರಟಳು.

ಮೊದಲ ತಿಂಗಳು ಫೋನಿನ ಮಾತೆಲ್ಲ ಊಟ ಆಯ್ತಾ, ನಿದ್ದೆ ಬಂತಾ ಎಂಬಲ್ಲಿಗೆ ಮುಗಿಯುತ್ತಿತ್ತು. ಎರಡು ಪ್ರಶ್ನೆ, ಎರಡು ‘ಹೂಂ’. ಬಳಿಕ ಅವಳೇ ಒಂದು ಉಪಾಯ ಹೇಳಿದಳು: ಭಾನುವಾರ ರಾತ್ರಿ ಒಂಬತ್ತಕ್ಕೆ ಇಬ್ಬರೂ ಒಂದೇ ಕಂತನ್ನು ಒಟ್ಟಿಗೆ ಹಾಕುವುದು, ಫೋನು ಪಕ್ಕದಲ್ಲಿ ಸ್ಪೀಕರಿನಲ್ಲಿರಲಿ. ಮೊದಲ ವಾರ ಎಲ್ಲ ಎಡವಟ್ಟಾಯಿತು. ಅಲ್ಲಿ ಸ್ವಾಮಿ ಅಳುತ್ತಿದ್ದರೆ ಇಲ್ಲಿ ಇನ್ನೂ ಶಾಲೆಗೇ ಹೋಗಿಲ್ಲ. ನೋಡಿದರೆ ಅಪ್ಪ ಅವಸರದಲ್ಲಿ ಹಾಡನ್ನು ಹಾರಿಸಿದ್ದರು! ಈಗ ಹಾಡು ಹಾರಿಸುವಂತಿಲ್ಲ. ಎರಡೂ ಕಡೆ ಅದನ್ನು ಪೂರ್ತಿ ಬಿಟ್ಟು, ಎರಡು ಗುನುಗೂ ಒಂದೇ ದನಿಯಾಗುವವರೆಗೆ ಅಲ್ಲಿ ನಿಲ್ಲಿಸಿ ಇಲ್ಲಿ ಓಡಿಸಿ ಹೊಂದಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಅಮ್ಮನೂ ಕೈ ಒರೆಸಿಕೊಂಡು ಬಂದಿರುತ್ತಾಳೆ.

ಹಾಸ್ಟೆಲ್ಲಿನ ಪಕ್ಕದ ಮಂಚದ ಹುಡುಗಿಯೂ ಈಚೆಗೆ ಬಂದು ಕೂರುತ್ತಿದ್ದಾಳಂತೆ. ಬೀದರ್ ಕಡೆಯವಳು. ಅಷ್ಟೊಂದು ಮಳೆ ನಿಜವಾಗಿಯೂ ಬರುತ್ತದೆಯೇ ಎಂದು ಪ್ರತಿ ವಾರ ಕೇಳುತ್ತಾಳೆ.