ಕಾಯುವುದೂ ಚಿಕಿತ್ಸೆಯೇ

ಬನಹಟ್ಟಿಯಲ್ಲಿ ಕರೆಂಟು ಇದ್ದೂ ಮಗ್ಗ ನಿಂತಿತೆಂದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಆ ರಾತ್ರಿ ನಮ್ಮ ಮಾಮು ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ನೋವು ಬೆನ್ನಿಗೆ ಹೊಡೆಯುತ್ತಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿ ಬೆಳಗು ಮಾಡಿದೆವು. ಮರುದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಎಂದರು.

"ಕುಡೀತಾರೇನ್ರಿ?" ಎಂದು ಡಾಕ್ಟರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಐದು ಹೊತ್ತಿನ ನಮಾಜಿ ಮಾಮು ಗೋಡೆಯ ಕಡೆ ತಿರುಗಿ ಮಲಗಿದರು. ಪಿತ್ತಕೋಶದಿಂದ ಜಾರಿದ ಕಲ್ಲೇ ಕಾರಣವೆಂದು ಸ್ಕ್ಯಾನಿಂಗಿನಲ್ಲಿ ತಿಳಿಯುವಷ್ಟರಲ್ಲಿ ಕುಡಿತದ ಸುದ್ದಿ ಜಮಖಂಡಿಯ ಬೀಗರನ್ನು ಮುಟ್ಟಿತ್ತು.

ಮೂರನೆಯ ವಾರ ಮತ್ತೆ ಜ್ವರ ಏರಿತು. ಗ್ರಂಥಿಯ ಒಂದಿಷ್ಟು ಭಾಗ ಸತ್ತು, ಅಲ್ಲಿ ಕೀವು ತುಂಬಿತ್ತು. "ಈಗ ಕೊಯ್ಯೂದು ಬ್ಯಾಡ, ಕಾಯೂಣು" ಎಂದರು ಡಾಕ್ಟರು. ಮುಧೋಳದಿಂದ ಬಂದವರು, "ಕೀವು ಐತಿ ಅಂದ್ಮ್ಯಾಲ ಕಾಯೂದೇನು?" ಎಂದು ಗದರಿದರು. ಬೀಳಗಿಯ ಖಾಲಾ ತಾಯಿತ ತಂದರು. ನಮಗೂ ಸಿಟ್ಟೇ ಬಂದಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಮೊದಲ ವಾರಗಳಲ್ಲಿ ಸತ್ತ ಭಾಗ ಜೀವಂತ ಭಾಗಕ್ಕೆ ಅಂಟಿಕೊಂಡಿರುತ್ತದೆ. ಆಗ ಕೈಹಾಕಿದರೆ ರಕ್ತಸ್ರಾವದ ಭಯ. ಸುಮಾರು ನಾಲ್ಕು ವಾರಕ್ಕೆ ಸುತ್ತ ಗೋಡೆ ಕಟ್ಟುತ್ತದೆ. ಅಲ್ಲಿಯವರೆಗೆ ಆಂಟಿಬಯೋಟಿಕ್, ಮೂಗಿನ ನಳಿಕೆಯಿಂದ ಆಹಾರ. ರೋಗಿ ಕುಸಿಯತೊಡಗಿದರೆ ಮಾತ್ರ ಮೊದಲೇ ಕೀವು ತೆಗೆಯಬೇಕು. ಹಿಂದೆ ಹೊಟ್ಟೆ ತೆರೆದೇ ತೆಗೆಯುತ್ತಿದ್ದರು. ಹಾಲೆಂಡಿನ ವೈದ್ಯರು 2010ರಲ್ಲಿ 88 ರೋಗಿಗಳ ಅಧ್ಯಯನ ಪ್ರಕಟಿಸಿದರು. ಮೊದಲು ನಳಿಕೆ, ಸಾಲದಿದ್ದರಷ್ಟೇ ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ಎಂಬ ಕ್ರಮದಲ್ಲಿ ಶೇ. 35ರಷ್ಟು ಜನರಿಗೆ ನಳಿಕೆಯೇ ಸಾಕಾಗಿತ್ತು. 2021ರ ಇನ್ನೊಂದು ಅಧ್ಯಯನದಲ್ಲಿ, ಕಾದ 49 ಮಂದಿಯಲ್ಲಿ 19 ಮಂದಿಗೆ ಅದೂ ಬೇಕಾಗಲಿಲ್ಲ, ಆಂಟಿಬಯೋಟಿಕ್‌ನಲ್ಲೇ ಚಿಕಿತ್ಸೆ ನಡೆಯಿತು.

ಐದನೆಯ ವಾರ ಮಾಮುವಿನ ಎಡ ಪಕ್ಕೆಯಿಂದ ನಳಿಕೆ ಇಳಿಸಿದರು. ಚೀಲಕ್ಕೆ ಬಿದ್ದ ಕೀವನ್ನು ಮುಮಾನಿ ದಿನಾ ಬೆಳಿಗ್ಗೆ ನೂಲಿನ ಲೆಕ್ಕದಂತೆ ಬರೆದಿಟ್ಟರು. ಜ್ವರ ಇಳಿಯಿತು. ವಾರಗಳ ನಂತರ ನಳಿಕೆ ಹೊರಬಂತು. ಮುಂದೆ ಕಲ್ಲಿದ್ದ ಪಿತ್ತಕೋಶವನ್ನೂ ತೆಗೆದರು.

ಸಬರ್ ಎಂದರೆ ಕೈಕಟ್ಟಿ ಕೂರುವುದೆಂದು ನಾವು ತಿಳಿದಿದ್ದೆವು. ಆಸ್ಪತ್ರೆಯಲ್ಲಿ ಕಂಡ ಸಬರ್ ರಾತ್ರಿಯಿಡೀ ನಾಡಿ ನೋಡುತ್ತಿತ್ತು, ಜ್ವರ ಬರೆದುಕೊಳ್ಳುತ್ತಿತ್ತು.

ಒಂದು ಮಾತು ಮಾತ್ರ ಉಳಿದಿದೆ. ಡಾಕ್ಟರು ಕೇಳಿದ ಆ ರಾತ್ರಿ ನಾವೂ ಮಾಮುವಿನ ಅಂಗಿಯನ್ನು ಮೂಸಿ ನೋಡಿದ್ದೆವು. ಮಾಮು ಈಗ ಮತ್ತೆ ಮಗ್ಗದ ಮುಂದೆ ಕೂರುತ್ತಾರೆ, ಹೋದಾಗಲೆಲ್ಲ ಚಹಾ ಕೊಡಿಸುತ್ತಾರೆ. ಕ್ಷಮೆ ಕೇಳಲು ನಾವಿನ್ನೂ ಕಾಯುತ್ತಲೇ ಇದ್ದೇವೆ. ಆ ಕಾಯುವಿಕೆ ಚಿಕಿತ್ಸೆಯಲ್ಲ.